ಸೈರನ್ನಿಗೆ ತಿರುಗಿಸದ ವಾಚು

ನಮ್ಮ ಮನೆಗೆ ಅಡಿಗೆಗೆ ಬರುವ ಹುಡುಗಿ ಗುತ್ತೂರಿನವಳು. ಹೋದ ವಾರ ಒಂದು ದಿನ ತಡವಾಗಿ ಬಂದಳು. ನಾನು ಗೋಡೆ ಗಡಿಯಾರದ ಕಡೆ ನೋಡಿದ್ದನ್ನು ಅವಳು ನೋಡಿಬಿಟ್ಟಳು.

"ಬೈಬ್ಯಾಡ್ರಿ ಅಮ್ಮಾ, ಮಣ್ಣಿಗೆ ಹೋಗಿ ಬಂದೆ. ನಮ್ಮೂರ ಗಡಿಯಾರದಜ್ಜಿ ಹೋದ್ಲು."

"ಯಾವ ಗಡಿಯಾರದಜ್ಜಿ?"

"ಅದೇ ರೀ, ಕೈಯಾಗ ಗಂಡಸರ ವಾಚು ಕಟ್ಕಂತಿದ್ಲು. ಯಾರಾದ್ರೂ ಟೈಮು ಕೇಳಿದ್ರೆ ಹೇಳಿ, 'ಇದು ಸೈರನ್ ಟೈಮಲ್ಲಪ್ಪಾ, ಖರೇ ಟೈಮು' ಅಂತಿದ್ಲು. ಹಂಗ್ಯಾಕ ಅಂತಿದ್ಲೋ ಊರಾಗ ಯಾರಿಗೂ ಗೊತ್ತಿಲ್ಲ ಬಿಡ್ರಿ."

ನನಗೆ ಗೊತ್ತಿತ್ತು. ಅವಳಿಗೆ ಹೇಳಲಿಲ್ಲ. ಸೌತೆಕಾಯಿ ಹೆಚ್ಚು ಹೋಗಮ್ಮ ಎಂದು ಒಳಗೆ ಕಳಿಸಿ ವರಾಂಡದಲ್ಲಿ ಬಹಳ ಹೊತ್ತು ಕೂತಿದ್ದೆ.

ಆಕೆಯ ಹೆಸರನ್ನು ನಾನು ಬರೆಯುವುದಿಲ್ಲ. ಆ ಹಕ್ಕನ್ನು ಕಳೆದುಕೊಂಡು ಅರವತ್ತು ವರ್ಷದ ಹತ್ತಿರವಾಯಿತು. ಮಿಲ್ಲಿನಲ್ಲಿ ಎಲ್ಲರೂ ಆಕೆಯನ್ನು ಗುತ್ತೂರಕ್ಕ ಅನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಐವತ್ತರ ದಶಕದ ಕೊನೆ. ಮದುವೆಯಾಗಿ ದಾವಣಗೆರೆಗೆ ಬಂದಾಗ ನನಗೆ ಇಪ್ಪತ್ತೊಂದು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಎಂಬ್ರಾಯ್ಡರಿ, ಎಲೊಕ್ಯೂಷನ್, ಪಿಯಾನೋದ ನಾಲ್ಕು ಟ್ಯೂನ್ ಎಲ್ಲ ಕಲಿತು, ಬಂದು ಸೇರಿದ್ದು ಒಂದು ಹತ್ತಿ ಮಿಲ್ಲಿನ ಕಾಂಪೌಂಡಿಗೆ. ಯಜಮಾನರು ಅಲ್ಲಿ ಟೈಮ್ ಆಫೀಸರ್. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಅನ್ನುವುದನ್ನು ಬರೆಸುವುದು, ಹೊತ್ತಿಗೆ ಸರಿಯಾಗಿ ಸೈರನ್ ಹೊಡೆಸುವುದು ಅವರ ಕೆಲಸ.

ಕ್ವಾರ್ಟರ್ಸ್ ಕಾಂಪೌಂಡಿನ ಒಳಗೇ ಇತ್ತು. ಕೆಂಪು ಗಾರೆ ನೆಲ, ಮುಂದೆ ಕ್ರೋಟನ್ಸ್ ಕುಂಡಗಳು, ಹತ್ತಿ ಧೂಳು ಬರಬಾರದೆಂದು ಕಿಟಕಿಗಳಿಗೆಲ್ಲ ಸಣ್ಣ ತಂತಿಬಲೆ. ಧೂಳು ಬರುತ್ತಲೇ ಇತ್ತು. ಗಾಳಿ ಮಾತ್ರ ಬರುತ್ತಿರಲಿಲ್ಲ. ನಾನು ಪೇಟೆಗೆ ಹೊರಟರೆ ಗೇಟಿನವನು ಎದ್ದು ಸಲಾಂ ಹೊಡೆದು, ಆಮೇಲೆ ಪುಸ್ತಕದಲ್ಲಿ ಬರೆಯುತ್ತಿದ್ದ: ಟೈಮ್ ಆಫೀಸರ್ ಮಿಸೆಸ್, ಔಟ್, ಹತ್ತು ಇಪ್ಪತ್ತು. ಸಂಜೆ ಆ ಪುಸ್ತಕ ಯಜಮಾನರ ಟೇಬಲ್ಲಿಗೆ ಹೋಗುತ್ತಿತ್ತು. ಅವರು ಒಂದು ದಿನವೂ ಏನೂ ಕೇಳಿದವರಲ್ಲ, ಐ ಮಸ್ಟ್ ಸೇ. ಕೇಳುವ ಅಗತ್ಯವೇ ಇರಲಿಲ್ಲವಲ್ಲ.

ಒಂದು ದಿನ ಮ್ಯಾನೇಜರಿಗೆ ವೆಲ್‌ಫೇರ್ ನೆನಪಾಯಿತು. ರೀಲಿಂಗ್ ಖಾತೆಯಲ್ಲಿ, ಅಂದರೆ ನೂಲನ್ನು ಲಡಿಯಾಗಿ ಸುತ್ತುವ ಕಡೆ, ಕೆಲಸ ಮಾಡುವವರೆಲ್ಲ ಹೆಂಗಸರು. ಮಧ್ಯಾಹ್ನ ಬುತ್ತಿ ಉಂಡಾದ ಮೇಲೆ ಅವರಿಗೆ ಅಕ್ಷರ ಕಲಿಸಲಿ ಎಂದು ನನ್ನನ್ನು ಹಚ್ಚಿದರು. ಟೈಮ್ ಆಫೀಸಿನ ಪಕ್ಕದ ರೂಮು, ಒಂದು ಬೋರ್ಡು, ಹನ್ನೆರಡು ಸ್ಲೇಟು. ನನಗಂತೂ ಜೈಲಿನವರನ್ನು ಅಂಗಳಕ್ಕೆ ಬಿಟ್ಟಷ್ಟು ಖುಷಿ.

ಮೊದಲನೇ ದಿನವೇ ಒಬ್ಬಳು ಸ್ಲೇಟು ವಾಪಸ್ ಕೊಟ್ಟಳು. ಮೂವತ್ತರ ಆಚೀಚೆ ವಯಸ್ಸು, ಎತ್ತರದ ಆಳು, ತಲೆಗೂದಲಲ್ಲೆಲ್ಲ ಹತ್ತಿ. ಬಲಗೈ ಹೆಬ್ಬೆರಳಿಂದ ಎಡಗೈ ಮಣಿಕಟ್ಟನ್ನು ಉಜ್ಜಿಕೊಳ್ಳುವ ಅಭ್ಯಾಸ. ಆ ಕೈಯಲ್ಲಿ ಬಳೆ ಇರಲಿಲ್ಲ.

"ಅಕ್ಕೋರೆ, ಅ ಆ ಇ ಈ ಆಮ್ಯಾಲೆ ಕಲಿತೀನ್ರಿ. ಮೊದ್ಲು ಗಡಿಯಾರ ಓದಾದು ಕಲಿಸ್ರಿ."

"ಯಾಕೆ? ಅಕ್ಷರ ಬೇಡವಾ?"

"ಅಕ್ಷರ ಬರ್ಲಿಲ್ಲಂದ್ರೆ ಮಂದಿ ದಡ್ಡಿ ಅಂತಾರೆ. ಅಂದ್ರೆ ಅಂದ್ಕಳ್ಳಿ. ಟೈಮು ಬರ್ಲಿಲ್ಲಂದ್ರೆ ನನ್ನ ಕೆಲ್ಸ ಹೋಗ್ತೈತ್ರಿ."

ಆಮೇಲೆ ಬಿಡಿಸಿ ಹೇಳಿದಳು. ಗಂಡ ಸತ್ತು ಮೂರು ವರ್ಷ. ಗುತ್ತೂರಿನಲ್ಲಿ ಅತ್ತೆ, ಮೈದುನ, ಮೈದುನನ ಹೆಂಡತಿ. ಬೆಳಿಗ್ಗೆ ಹರಿಹರ ಸ್ಟೇಷನ್ನಿಗೆ ನಡೆದು ಬಂದು ರೈಲು ಹತ್ತಿ ದಾವಣಗೆರೆಗೆ ಬರುತ್ತಿದ್ದಳು. ಸಂಜೆ ಐದೂವರೆಗೆ ಸೈರನ್. ಐದು ಐವತ್ತೈದಕ್ಕೆ ಹರಿಹರದ ಗಾಡಿ. ಮಿಲ್ಲಿನಿಂದ ಸ್ಟೇಷನ್ ಕಾಲು ಗಂಟೆ ದಾರಿ. ಲೆಕ್ಕಕ್ಕೆ ಸಿಗಲೇಬೇಕು. ವಾರದಲ್ಲಿ ನಾಲ್ಕು ದಿನ ಸಿಗುತ್ತಿರಲಿಲ್ಲ. ಮುಂದಿನ ಗಾಡಿಗೆ ಎರಡು ತಾಸು ಕಾಯಬೇಕು. ಮನೆ ಸೇರುವಾಗ ಮೈದುನ ಬಾಗಿಲಲ್ಲಿ ಕೂತಿರುತ್ತಿದ್ದ. "ಎರಡು ತಾಸು ದಾವಣಗೇರ್ಯಾಗ ಎಲ್ಲಿದ್ದಿ?" ಇನ್ನೊಂದು ತಿಂಗಳು ಹೀಗೇ ಆದರೆ ಮಿಲ್ಲು ಬಿಡಿಸಿ ಮನೆಯಲ್ಲಿ ಕೂರಿಸುತ್ತೇನೆ ಎಂದು ಹೇಳಿಬಿಟ್ಟಿದ್ದ.

"ಕುಂಡ್ರಿಸಿದ್ರೆ ಮುಗೀತ್ರಿ. ಅಡಿಗಿ ಮನಿ ಕತ್ತಲಾಗ ಅತ್ತಿ ಕೆಮ್ಮು ಎಣಿಸ್ಕಂತ ಕುಂತಿರಬೇಕು," ಅಂದಳು. ಆಮೇಲೆ ಕಣ್ಣು ಸಣ್ಣ ಮಾಡಿ ನಕ್ಕಳು. "ನಮ್ಮ ದೇಶದಾಗ ರೈಲು ತಡ ಆಗಿದ್ದು ಕೇಳೀವಿ. ದಿನಾ ಮುಂಚೇನ ಹೋಗಾ ರೈಲು ಎಲ್ಲಾರ ಕೇಳೀರೇನ್ರಿ?"

ಹರಿಹರದ ಕಡೆಯಿಂದ ಬರುವ ಬೇರೆ ನಾಲ್ಕೈದು ಹೆಂಗಸರೂ ಇದ್ದರು. ಅವರು ಇದನ್ನು ಹಣೆಬರಹ ಎಂದು ಒಪ್ಪಿಕೊಂಡಿದ್ದರು. "ರೈಲ್ವೆದು ಟೈಮೇ ಬ್ಯಾರೆ ಬಿಡ್ರಿ," ಅನ್ನುತ್ತಿದ್ದರು. ರೈಲ್ವೆಗೆ ಬೇರೆ ಟೈಮು, ಊರಿಗೆ ಬೇರೆ ಟೈಮು ಎಂದು ದಾವಣಗೆರೆಯಲ್ಲಿ ಓದಿದವರೂ ನಂಬಿದ್ದರು.

ಗಡಿಯಾರ ಕಲಿಯಲು ಆಕೆಗೆ ಮೂರೇ ದಿನ ಸಾಕಾಯಿತು. ಬೋರ್ಡಿನ ಮೇಲೆ ವೃತ್ತ ಬರೆದು, ಪೊರಕೆ ಕಡ್ಡಿ ಎರಡು ಇಟ್ಟು ತೋರಿಸುತ್ತಿದ್ದೆ. ಉಳಿದವರು ದೊಡ್ಡ ಮುಳ್ಳು ಸಣ್ಣ ಮುಳ್ಳು ಎಂದು ತಡಕಾಡುವಾಗ ಆಕೆ ಎದ್ದು ಹೇಳಿದಳು: "ದೊಡ್ಡದು ಅತ್ತಿ, ಸಣ್ಣದು ಸೊಸಿ. ಅತ್ತಿ ಊರೆಲ್ಲಾ ಸುತ್ತಿ ಬಂದ್ಲಂದ್ರೆ ಸೊಸಿಗೆ ಒಂದು ಹೆಜ್ಜಿ ಇಡಾಕ ಹುಕುಂ." ರೂಮೆಲ್ಲ ನಗು. ಪಕ್ಕದ ಆಫೀಸಿನಿಂದ ಯಜಮಾನರು ಗೋಡೆ ತಟ್ಟಿದರು. ನಾವೆಲ್ಲ ಬಾಯಿಗೆ ಸೆರಗು ಹಿಡಿದೆವು, ಮೀ ಇನ್‌ಕ್ಲೂಡೆಡ್.

ನನ್ನ ಕೈಯಲ್ಲಿ ಅಪ್ಪ ಮದುವೆಗೆ ಕೊಟ್ಟ ವಾಚಿತ್ತು. ಚಿನ್ನದ ಚೈನು, ಕಡಲೆಕಾಳಿನಷ್ಟು ಡಯಲ್, ಅಂಕಿಯ ಬದಲು ಚುಕ್ಕೆಗಳು. ನಾನು ಬಂದ ಎರಡನೇ ತಿಂಗಳೇ ಹತ್ತಿ ಧೂಳು ಹೊಕ್ಕು ನಿಂತಿತ್ತು. ಆದರೂ ಕಟ್ಟಿಕೊಳ್ಳುತ್ತಿದ್ದೆ. ಗುತ್ತೂರಕ್ಕ ನನ್ನ ಕೈಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಎಷ್ಟು ಗಂಟಿ ಇದ್ರಾಗ?"

"ನಿಂತುಹೋಗಿದೆ."

"ನಿಂತಿದ್ರೂ ಕಟ್ಕಂತೀರಾ?"

"ಚೆನ್ನಾಗಿ ಕಾಣುತ್ತಲ್ಲ."

"ಇದು ವಾಚಲ್ಲ ಅಕ್ಕೋರೆ, ವಾಚಿನ ಮರಿ," ಅಂದಳು. "ನನಗೆ ಇಂಥಾದ್ದು ಬ್ಯಾಡ. ರೊಟ್ಟಿ ಬಡದ್ರೂ, ಮುಸುರಿ ತಿಕ್ಕಿದ್ರೂ, ಮಲಗಿ ಮಗ್ಗಲು ಬದಲಿಸಿದ್ರೂ ನಿಲ್ಲಬಾರ್ದು, ಅಂಥಾದ್ದು ಬೇಕು. ಕೈ ಬಿಟ್ಟು ತಗಿಯಂಗಿಲ್ಲ ನಾನು."

ಒಂದು ಭಾನುವಾರ ನಾವಿಬ್ಬರೂ ಚೌಕಿಪೇಟೆಗೆ ಹೋದೆವು. ಆಕೆ ಹರಿಹರದಿಂದ ಬಂದಿದ್ದಳು, ನಾನು ಬ್ಲೌಸ್ ಪೀಸ್ ನೆಪ ಹೇಳಿ ಟಾಂಗಾದಲ್ಲಿ ಬಂದಿದ್ದೆ. ವಾಚು ಅಂಗಡಿ ಸಾಹೇಬರು ಬಿಳಿ ಗಡ್ಡದವರು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಿದ್ದರು. ನನ್ನನ್ನು ನೋಡಿ ಮಖಮಲ್ಲಿನ ಡಬ್ಬಿ ತೆಗೆದರು.

"ನನಗಲ್ಲ, ಇವರಿಗೆ."

ಸಾಹೇಬರು ಆಕೆಯ ಕೈ ನೋಡಿದರು. ಮಖಮಲ್ಲು ಒಳಗೆ ಹೋಯಿತು, ಸಾದಾ ಲೇಡೀಸ್ ವಾಚಿನ ತಟ್ಟೆ ಬಂತು.

"ಗಂಡಸರದ್ದು ತೋರಿಸ್ರಿ," ಅಂದಳು ಆಕೆ.

"ಅರೆ ಬೇಟಿ, ಹೆಂಗಸರ ಕೈಗೆ ಅದು ಛಲೋ ಕಾಣಲ್ಲ."

"ಕಾಣಾಕಲ್ರಿ ಸಾಹೇಬ್ರೆ, ನೋಡಾಕ."

ಮೊದಲು ಬಂದದ್ದು ಹೊಸ ಫಾರಿನ್ ವಾಚು. ಡಯಲ್ ಮೇಲೆ ವಾಟರ್‌ಪ್ರೂಫ್ ಎಂದು ಬರೆದಿತ್ತು. ನಾನು ಓದಿ ಹೇಳಿದೆ. "ಹೌದೇನು? ಹಂಗಾರೆ ನಿಮ್ಮ ತಂಬಿಗ್ಯಾಗ ಒಂದು ಗಳಿಗಿ ಮುಳುಗಿಸ್ರಿ," ಅಂದಳು. ಸಾಹೇಬರು ವಾಚನ್ನು ಎದೆಗೆ ಅವಚಿಕೊಂಡರು. "ಬರೆದೈತೆ, ಮುಳುಗಿಸಾಕಲ್ಲಮ್ಮ." ಆಕೆ ಅದನ್ನು ಪಕ್ಕಕ್ಕೆ ತಳ್ಳಿದಳು. ಎರಡನೆಯದರ ಬೆನ್ನಿನ ಮುಚ್ಚಳ ಉಗುರಿನಿಂದ ಎತ್ತಿದರೆ ಬಿಚ್ಚುತ್ತಿತ್ತು. "ಉಗುರು ಹೋಗಾ ಸಂದ್ಯಾಗ ಹತ್ತಿ ಹೋಗಲ್ಲೇನು?" ಅದೂ ಹೋಯಿತು. ಮೂರನೆಯದಕ್ಕೆ ಸೆಕೆಂಡಿನ ಮುಳ್ಳಿರಲಿಲ್ಲ. "ಇದು ನಡ್ಯಾಕ ಹತ್ತೈತೋ ಸತ್ತೈತೋ ಹೆಂಗೆ ಗೊತ್ತಾಗಬೇಕು?"

ಸಾಹೇಬರಿಗೆ ಈಗ ಮಜಾ ಬಂತು. ಕೆಳಗಿನ ಡ್ರಾಯರಿನಿಂದ ಒಂದು ಬೀಡಿ ಡಬ್ಬಿ ತೆಗೆದರು. ಒಳಗಿದ್ದದ್ದು ದಪ್ಪ ಉಕ್ಕಿನ ವಾಚು. ಕಪ್ಪು ಡಯಲ್, ಒಂದರಿಂದ ಹನ್ನೆರಡರವರೆಗೆ ಬಿಳಿ ಅಂಕಿಗಳು, ಕತ್ತಲಲ್ಲಿ ಹೊಳೆಯುವ ಹಸಿರು ಬಳಿದ ಮುಳ್ಳು, ಆರರ ಜಾಗದಲ್ಲಿ ಸೆಕೆಂಡಿಗೆ ಒಂದು ಪುಟ್ಟ ಚಕ್ರ. ಬೆನ್ನಿನ ಮುಚ್ಚಳಕ್ಕೆ ತಿರುಪು, ತಿರುಗಿಸಿ ಬಿಗಿಯಬೇಕು. ಅದರ ಮೇಲೆ ಕೆತ್ತಿದ ನಂಬರು, ಒಂದು ಬಾಣದ ಗುರುತು. ಖಾಕಿ ಕ್ಯಾನ್ವಾಸ್ ಪಟ್ಟಿ.

"ಮಿಲ್ಟ್ರಿ ಮಾಲು. ಯುದ್ಧ ಮುಗಿದ ಮ್ಯಾಲೆ ಹರಾಜಿನಾಗ ಬಂದಿದ್ದು. ಖುದ್ದು ಬರ್ಮಾ ನೋಡಿ ಬಂದೈತೆ. ಖೂಬ್‌ಸೂರತ್ ಅಲ್ಲ, ಅದಕ್ಕೇ ಯಾರೂ ತಗಂಡಿಲ್ಲ."

ಆಕೆ ಸೆರಗಿನ ಗಂಟು ಬಿಚ್ಚಿದಳು. ದುಡ್ಡು ತೆಗೆಯುತ್ತಾಳೆ ಅಂದುಕೊಂಡೆ. ಒಳಗಿದ್ದದ್ದು ರೀಲಿಂಗ್ ಖಾತೆಯ ನೆಲದಿಂದ ಗುಡಿಸಿ ತಂದ ಒಂದು ಹಿಡಿ ಹತ್ತಿ ಧೂಳು! ವಾಚನ್ನು ಅದರಲ್ಲಿ ಹೊರಳಿಸಿ, ಎರಡೂ ಅಂಗೈ ನಡುವೆ ತಿಕ್ಕಿ, ಉಫ್ ಎಂದು ಊದಿ, ಕಿವಿಗೆ ಹಿಡಿದಳು. ನಡೆಯುತ್ತಿತ್ತು. ತಂಬಿಗೆಯಲ್ಲಿ ಮುಳುಗಿಸಿದಳು. ಸಾಹೇಬರು ಈ ಸಲ ತಡೆಯಲಿಲ್ಲ. ಆಮೇಲೆ ಮೇಜಿನ ಅಂಚಿಗೆ ರೊಟ್ಟಿ ಬಡಿಯುವ ಹಾಗೆ ಎರಡೇಟು. ಮತ್ತೆ ಕಿವಿಗೆ. ಆಮೇಲೆ ನನ್ನ ಕಿವಿಗೂ ಹಿಡಿದಳು. "ಕೇಳ್ರಿ ಅಕ್ಕೋರೆ, ಹೆಂಗೆ ನಡದೈತೆ, ಜವಾರಿ ಎತ್ತಿನಂಗೆ."

ಗಂಡ ಸತ್ತ ದಿನ ಕಾಲಿನಿಂದ ತೆಗೆಸಿದ್ದ ಬೆಳ್ಳಿ ಕಡಗಗಳನ್ನು ಕೊಟ್ಟು ಅದನ್ನು ತಗೊಂಡಳು. ಇನ್ನು ಅವು ಆಕೆಗೆ ಬೇಡವಾಗಿದ್ದವು.

ಸಾಹೇಬರು ಕೀಲಿ ಎಳೆದು ಟೈಮು ಕೂಡಿಸಲು ಹೋದರು. "ಒಂದು ಮಾತು ಬೇಟಿ, ಆಮೇಲೆ ನನ್ನ ಬೈಬಾರ್ದು. ಈ ಊರಿನ ಹವಾನೇ ಖರಾಬು. ಎಂಥಾ ವಾಚೂ ಹಗಲು ಫಾಸ್ಟ್ ಓಡ್ತಾವೆ, ರಾತ್ರಿ ಸ್ಲೋ ಆಗ್ತಾವೆ. ಸಂಜಿ ಸೈರನ್ನಿಗೆ ನೋಡಿದ್ರೆ ಹತ್ತು ಹನ್ನೆರಡು ನಿಮಿಷ ಮುಂದೆ. ಹಿಂದಕ್ಕೆ ಕೂಡಿಸಿ ಮಲಗ್ರಿ, ಬೆಳಿಗ್ಗೆ ಸೈರನ್ನಿಗೆ ಅಷ್ಟೇ ಹಿಂದೆ. ಹತ್ತಿ ಧೂಳು, ಏನ್ ಮಾಡಾದು. ಎಲ್ಲಾರೂ ರಿಪೇರಿಗೆ ತರ್ತಾರೆ. ನಾನೂ ಒರೆಸಿ ಕೊಡ್ತೀನಿ."

ನಾನು ಪಾಪ ಎಂದು ತಲೆಯಾಡಿಸಿದೆ. ನಮ್ಮ ಮನೆಯ ಗೋಡೆ ಗಡಿಯಾರಕ್ಕೂ ಅದೇ ಕಾಯಿಲೆ. ಯಜಮಾನರು ದಿನಾ ಎರಡು ಸಲ ಸೈರನ್ ಕೇಳಿ ಅದನ್ನು ಸರಿಮಾಡುತ್ತಿದ್ದರು. ಇಡೀ ಊರೇ ಹಾಗೆ. ಸೈರನ್ ಆದ ಕೂಡಲೇ ವಾಚಿದ್ದವರೆಲ್ಲ ನಿಂತಲ್ಲೇ ನಿಂತು ಕೀಲಿ ತಿರುಗಿಸುತ್ತಿದ್ದರು, ಅಂಗಡಿಯವರು, ವಕೀಲರು, ಮೇಷ್ಟರುಗಳು ಎಲ್ಲ. ನಮ್ಮ ನಮ್ಮ ವಾಚುಗಳನ್ನೇ ನಾವು ಅನುಮಾನಿಸಿದೆವು.

ಗುತ್ತೂರಕ್ಕ ಮಾತ್ರ ಸಾಹೇಬರ ಮುಖವನ್ನೇ ನೋಡುತ್ತ ನಿಂತಿದ್ದಳು. ಹೆಬ್ಬೆರಳು ಮಣಿಕಟ್ಟಿನ ಮೇಲೆ ಓಡಾಡುತ್ತಿತ್ತು.

"ಎಲ್ಲಾ ವಾಚಿಗೂ ಒಂದೇ ಸಲ ಜಡ್ಡು ಬರ್ತೈತೇನ್ರಿ?" ಅಂದಳು. ಸಾಹೇಬರು ಭೂತಗನ್ನಡಿ ಕಣ್ಣಿನಿಂದ ತೆಗೆದರು. ಆಕೆ ಕೈ ಚಾಚಿದಳು. "ಟೈಮು ಕೂಡಿಸಬ್ಯಾಡ್ರಿ. ಹಂಗೇ ಕೊಡ್ರಿ."

ಮರುದಿನ ನಸುಕಿನಲ್ಲಿ ಹರಿಹರ ಸ್ಟೇಷನ್ನಿನ ದೊಡ್ಡ ಗಡಿಯಾರದ ಕೆಳಗೆ ನಿಂತು, ಆಕೆಯೇ ಮುಳ್ಳು ತಿರುಗಿಸಿ ವಾಚು ಹೊಂದಿಸಿಕೊಂಡಳು. ಆಮೇಲೆ ಯಾರ ಕೈಗೂ ಕೊಡಲಿಲ್ಲ. ಖಾತೆಯ ಮೇಸ್ತ್ರಿ ಉಪಕಾರಕ್ಕೆಂದು, "ಫಾಸ್ಟ್ ಐತೆ, ತಾ ಇಲ್ಲಿ, ಸೈರನ್ನಿಗೆ ಕೂಡಿಸಿ ಕೊಡ್ತೀನಿ," ಎಂದು ಕೈ ಹಿಡಿಯಲು ಬಂದರೆ ಬಿಡುತ್ತಿರಲಿಲ್ಲ. ಮುಂಡೆಯ ಕೈಗೆ ವಾಚು ಬೇರೆ ಕೇಡು ಎಂದು ಯಾರೋ ಹಿಂದಿನಿಂದ ಅಂದಾಗ ಆಕೆ ಮಿಷನ್ನಿನಿಂದ ಕಣ್ಣು ತೆಗೆಯದೆ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: "ಬಳಿ ಒಡ್ಯಾಕ ಹತ್ತು ಮಂದಿ ಬಂದಿದ್ರಿ. ವಾಚು ಕಟ್ಟಾಕ ಯಾರೂ ಬರ್ಲಿಲ್ಲ. ನಾನೇ ಕಟ್ಕಂಡೆ."

ಒಂದು ವಾರದ ಮೇಲೆ ಕ್ಲಾಸ್ ಮುಗಿದಾಗ ಹಿಂದೆ ಉಳಿದಳು.

"ಬೆಳಿಗ್ಗಿ ಸೈರನ್ ಸರಿ ಐತ್ರಿ. ಸಂಜಿ ಸೈರನ್ ಐದೂವರಿಗಲ್ಲ, ಐದು ನಲವತ್ತೆರಡಕ್ಕೆ ಆಗ್ತೈತೆ. ಆಮ್ಯಾಲೆ ಗೇಟಿನಾಗ ನಮ್ಮನ್ನ ತಡಕಿ ಬಿಡ್ತಾರಲ್ಲ, ನೂಲು ಕದ್ದೀವೇನಂತ. ಅಷ್ಟರಾಗ ಗಾಡಿ ಹೋತು. ನಿಮ್ಮನ್ಯಾಗ ರೇಡಿಯೋ ಐತಲ್ರಿ, ನೀವೊಂದ್ಸಲ ನೋಡ್ರಿ. ನಾನು ಹೇಳಿದ್ರೆ ಯಾರೂ ನಂಬಂಗಿಲ್ಲ. ನೀವು ಹೇಳಿದ್ರೆ ನಂಬ್ತಾರೆ."

ಅವತ್ತು ಸಂಜೆ ಸೈರನ್ ಆದಾಗ ಗೋಡೆ ಗಡಿಯಾರವನ್ನು ನಾನೇ ಐದೂವರೆಗೆ ತಿರುಗಿಸಿದೆ. ರೇಡಿಯೋದ ಮುಂದೆ ಕೂತೆ. ಆರು ಗಂಟೆಯ ಪಿಪ್ ಪಿಪ್ ಬಂದಾಗ ಗೋಡೆಯ ಮೇಲೆ ಐದು ನಲವತ್ತೆಂಟು. ಮರುದಿನವೂ ಅಷ್ಟೇ. ಮೂರನೇ ದಿನವೂ.

ರಾತ್ರಿ ಊಟಕ್ಕೆ ಬಡಿಸುವಾಗ ಸುಮ್ಮನೆ ಅನ್ನುವ ಹಾಗೆ ಕೇಳಿದೆ. "ರೀ, ಸಂಜೆ ಸೈರನ್ ಸ್ವಲ್ಪ ಲೇಟಾಗುತ್ತಾ?"

ಅವರು ತುತ್ತು ಕೆಳಗಿಟ್ಟರು. "ಯಾರು ಹೇಳಿದ್ದು?"

"ರೇಡಿಯೋ."

ಅವರ ದನಿಯಲ್ಲಿ ಕೋಪ ಇರಲಿಲ್ಲ, ಸುಸ್ತಿತ್ತು. "ನೋಡು, ಅದು ನನ್ನ ಕೈಯಲ್ಲಿಲ್ಲ. ಮೇಲಿನಿಂದ ಬಂದದ್ದು, ದಿನಕ್ಕೆ ಹನ್ನೆರಡು ನಿಮಿಷ ಹೆಚ್ಚು ಕೆಲಸ ಆಗಲಿ ಅಂತ. ನಾನು ಬರೋ ಮುಂಚೆನೇ ಹಾಗೇ ಇತ್ತು. ಊರಿಗೆ ಊರೇ ನಮ್ಮ ಸೈರನ್ ಕೇಳಿ ವಾಚು ಇಟ್ಕೊಳ್ಳುತ್ತೆ. ಎಲ್ಲರಿಗೂ ಲೇಟಾದ್ರೆ ಯಾರಿಗೂ ಲೇಟಾದ ಹಾಗಲ್ಲ. ಡೋಂಟ್ ಬಿ ಸಿಲ್ಲಿ. ಈ ಮನೆ, ಈ ಕೆಲಸ, ಎಲ್ಲ ಒಂದು ಮಾತಿನಲ್ಲಿ ಹೋಗುತ್ತೆ. ಮಜ್ಜಿಗೆ ಹಾಕು."

ನಾನು ಮಜ್ಜಿಗೆ ಹಾಕಿದೆ.

ಹೋಗುವುದಾದರೂ ಎಲ್ಲಿಗೆ? ಅಪ್ಪ ತೀರಿಕೊಂಡಿದ್ದರು, ತವರುಮನೆ ಅಣ್ಣಂದಿರ ಪಾಲಾಗಿತ್ತು. ಇದನ್ನು ಎಕ್ಸ್‌ಕ್ಯೂಸ್ ಎಂದು ಬರೆಯುತ್ತಿಲ್ಲ. ಇದ್ದದ್ದು ಹಾಗೆ. ಗುತ್ತೂರಕ್ಕ ಮರುದಿನ ಕಣ್ಣಲ್ಲೇ ಕೇಳಿದಳು. ನಾನು ಬೋರ್ಡು ಒರೆಸುತ್ತ ನಿಂತೆ. ಆಕೆ ಮತ್ತೆ ಕೇಳಲಿಲ್ಲ. ಕೇಳುವ ದಿನ ಬಂದಾಗ ನಾನು ಹೇಳುತ್ತೇನೆ ಎಂದು ನಂಬಿದ್ದಳೋ ಏನೋ.

ಆ ದಿನ ಹತ್ತು ದಿನದೊಳಗೇ ಬಂತು. ಮಧ್ಯಾಹ್ನ ಕ್ಲಾಸ್ ನಡೆಯುವಾಗ ಪಕ್ಕದ ಆಫೀಸಿನಲ್ಲಿ ಗಂಡಸಿನ ದನಿ ಏರಿತು. ಆಕೆಯ ಮೈದುನ. ರುಮಾಲು, ಕಾಲಲ್ಲಿ ಹೊಲದ ಮಣ್ಣು. ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ, ಅಪಮಾನವಾದವನ ಹಾಗೆ ಕಾಣುತ್ತಿದ್ದ.

"ಸಾಹೇಬ್ರೆ, ನಮ್ಮತ್ತಿಗಿನ ದಿನಾ ಎಷ್ಟೊತ್ತಿಗೆ ಬಿಡ್ತೀರಿ? ಅದೊಂದು ಹೇಳ್ರಿ ಸಾಕು."

"ಐದೂವರೆಗೆ. ಸೈರನ್ ಇಡೀ ಊರಿಗೇ ಕೇಳುತ್ತಲ್ಲಪ್ಪ." ಯಜಮಾನರು ಪುಸ್ತಕ ತಿರುಗಿಸಿ ತೋರಿಸಿದರು. ಪುಟದ ತುಂಬ ಐದೂವರೆ, ಐದೂವರೆ, ಐದೂವರೆ.

"ಐದೂವರಿಗೆ ಬಿಟ್ಟಾಕಿಗೆ ಐದು ಐವತ್ತೈದರ ಗಾಡಿ ಯಾಕ ಸಿಗಂಗಿಲ್ಲ?"

ಗುತ್ತೂರಕ್ಕ ಎದ್ದು ಹೋದಳು. ಹಿಂದೆ ನಾನು, ನನ್ನ ಹಿಂದೆ ರೀಲಿಂಗ್ ಖಾತೆಯ ಉಳಿದ ಹೆಂಗಸರು ಬಾಗಿಲಲ್ಲಿ.

"ಸೈರನ್ ಐದು ನಲವತ್ತೆರಡಕ್ಕೆ ಆಗ್ತೈತೆ," ಎಂದು ಎಡಗೈ ಮುಂದೆ ಚಾಚಿದಳು. "ಹದಿನೆಂಟು ದಿನದಿಂದ ನೋಡೀನಿ. ಹರಿಹರದ ಸ್ಟೇಷನ್ ಟೈಮು ಇದು."

ಗುಮಾಸ್ತರು ನಕ್ಕರು. "ಮಿಲ್ಟ್ರಿ ವಾಚಲ್ವೇನು, ಡಬಲ್ ಮಾರ್ಚ್ ಮಾಡ್ತೈತೆ ಬಿಡವ್ವಾ!" ಇನ್ನೊಬ್ಬ ತನ್ನ ವಾಚು ತೋರಿಸಿದ. ಮತ್ತೊಬ್ಬನೂ ತೋರಿಸಿದ. ಬೆಳಿಗ್ಗೆಯ ಸರಿ ಸೈರನ್ನಿಗೆ ತಿರುಗಿಸಿದ್ದ ಅವೆಲ್ಲ ಆ ಹೊತ್ತಿಗೆ ಆಕೆಯ ವಾಚು ಹೇಳಿದ್ದನ್ನೇ ಹೇಳಿದವು. ಆಫೀಸಿನ ಗೋಡೆ ಗಡಿಯಾರವೂ ಅದನ್ನೇ ಹೇಳಿತು. ಸಂಜೆಯ ಹನ್ನೆರಡು ನಿಮಿಷಕ್ಕೆ ಮಧ್ಯಾಹ್ನ ಯಾವ ಗಡಿಯಾರವೂ ಸಾಕ್ಷಿ ಹೇಳುವಂತಿರಲಿಲ್ಲ.

"ಅಕ್ಕೋರನ್ನ ಕೇಳ್ರಿ," ಅಂದಳು. "ಅವ್ರ ಮನ್ಯಾಗ ರೇಡಿಯೋ ಐತೆ."

ಯಜಮಾನರು ನನ್ನ ಕಡೆ ತಿರುಗಿದರು. ಬಹಳ ಮೆಲ್ಲಗೆ, ಮಗುವನ್ನು ಮಾತಾಡಿಸುವ ಹಾಗೆ ಕೇಳಿದರು. "ಏನು? ನಮ್ಮನೆ ರೇಡಿಯೋಗೂ ಸೈರನ್ನಿಗೂ ಏನಾದರೂ ಡಿಫರೆನ್ಸ್ ಇದೆಯಾ?"

ಆಫೀಸಿನ ಕಿಟಕಿಗೂ ನಮ್ಮ ಮನೆಯದೇ ತಂತಿಬಲೆ. ಅದರ ತುಂಬ ಹತ್ತಿ ಅಂಟಿಕೊಂಡು ಹೊರಗೆ ಏನೂ ಕಾಣುತ್ತಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

"ನಾನು ಗಮನಿಸಿಲ್ಲ," ಅಂದೆ.

ಗುತ್ತೂರಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತಗೊಂಡು ವಾಚಿನ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಮೈದುನನಿಗೆ ಹೇಳಿದಳು. ಅದನ್ನು ನನಗಾಗಿ ಹೇಳಿದಳೋ ನನ್ನ ಮೇಲೆ ಹೇಳಿದಳೋ, ಅರವತ್ತು ವರ್ಷದಿಂದ ಯೋಚಿಸುತ್ತಿದ್ದೇನೆ.

"ಅಕ್ಕೋರ ವಾಚು ನಿಂತೈತಪ್ಪಾ. ಅವ್ರಿಗೆ ಹೆಂಗೆ ಗೊತ್ತಾಗಬೇಕು? ನಡಿ, ಹೋಗಾನು."

ಕಾನ್ವೆಂಟಿನಲ್ಲಿ ಸುಳ್ಳು ಹೇಳಿದರೆ ಸಿಸ್ಟರ್ ಚಾಪೆಲ್‌ನ ಕಲ್ಲುನೆಲದ ಮೇಲೆ ಮಂಡಿಯೂರಿಸುತ್ತಿದ್ದರು. ಇಲ್ಲಿ ಯಾರೂ ಮಂಡಿಯೂರಿಸಲಿಲ್ಲ. ಯಜಮಾನರು ಸಂಜೆ ಬರುವಾಗ ಮಲ್ಲಿಗೆ ದಂಡೆ ತಂದರು. ಮರುದಿನ ರೀಲಿಂಗ್ ಖಾತೆಯಲ್ಲಿ ಆಕೆಯ ಜಾಗಕ್ಕೆ ಬೇರೆಯವಳು ಬಂದಳು. ಕ್ಲಾಸು ಇನ್ನೊಂದು ತಿಂಗಳು ಎಳೆದಾಡಿ ನಿಂತಿತು. ನಿಲ್ಲಿಸಿದ್ದು ಯಾರು ಎಂದು ಬರೆಯಬೇಕೆ? ನಾನೇ. ಬೋರ್ಡಿನ ಮೇಲೆ ವೃತ್ತ ಬರೆಯಲು ಕೈ ಏಳುತ್ತಿರಲಿಲ್ಲ.

ಅದಾದ ಮೇಲೆ ಆಕೆಯನ್ನು ನೋಡಿದ್ದು ಒಂದೇ ಸಲ. ಅರವತ್ತರ ದಶಕದ ನಡುಭಾಗ. ಯಜಮಾನರಿಗೆ ಹುಬ್ಬಳ್ಳಿಯಲ್ಲಿ ಏನೋ ಕೆಲಸ, ನಾನೂ ಜೊತೆಗಿದ್ದೆ. ಹರಿಹರದಲ್ಲಿ ಇಂಜಿನ್ ನೀರು ತುಂಬಿಕೊಳ್ಳಲು ಗಾಡಿ ಬಹಳ ಹೊತ್ತು ನಿಂತಿತು. ಪ್ಲಾಟ್‌ಫಾರ್ಮಿನಲ್ಲಿ ಮಂಡಕ್ಕಿ ಬುಟ್ಟಿ ಹೊತ್ತ ಹೆಂಗಸು ನಮ್ಮ ಕಿಟಕಿ ದಾಟಿ ಮುಂದೆ ಹೋದವಳು ಹಿಂದಕ್ಕೆ ಬಂದಳು.

"ಅಕ್ಕೋರೆ! ಆರಾಮಿದೀರಾ?"

ಕೂದಲು ನೆರೆತಿತ್ತು. ಕ್ಯಾನ್ವಾಸ್ ಪಟ್ಟಿ ಹೋಗಿ ಎತ್ತಿನ ಹಗ್ಗದ ಹಾಗಿನ ಒಂದು ಚರ್ಮದ ಪಟ್ಟಿ ಬಂದಿತ್ತು. ವಾಚು ಅದೇ.

ಯಜಮಾನರು ಆ ಕಡೆ ತಿರುಗಿ ಪೇಪರ್ ಓದುತ್ತಿದ್ದರು. ಆಕೆಯೇ ಬುಟ್ಟಿ ಇಳಿಸಿ ಹೇಳಿದಳು. ಕಷ್ಟಸುಖ ಹೇಳುವ ಹಾಗಲ್ಲ, ಪಕ್ಕದ ಮನೆ ಜಗಳ ಹೇಳುವ ಹಾಗೆ.

"ಎಂಟು ತಿಂಗಳು ಮನ್ಯಾಗ ಕುಂಡ್ರಿಸಿದ್ರು. ನಾನೂ ಬಿಡ್ಲಿಲ್ಲ. ದಿನಾ ಸಂಜಿಗೆ ಮೈದುನನ ಮುಂದೆ ಕುಂತು ವಾಚು ನೋಡಿ ಹೇಳ್ತಿದ್ದೆ. ಈಗ ಐದೂವರಿ ಆತು, ಸೈರನ್ ಆಗಿಲ್ಲ. ಈಗ ಆತು ನೋಡು. ಈಗ ಗೇಟಿನಾಗ ತಡಕ್ಯಾಕ ಹತ್ಯಾರೆ. ಈಗ ಗಾಡಿ ಹೊಂಟ್ತು. ಅವ ಎದ್ದು ಹೋದ್ರೆ ಹಿಂದೆ ಹೋಗಿ ಹೇಳ್ತಿದ್ದೆ." ನಕ್ಕಳು. "ಆಮ್ಯಾಲೆ ಒಂದಿನ ಹತ್ತಿ ಮಾರಾಕ ದಾವಣಗೇರಿಗೆ ಹೋದ ನೋಡ್ರಿ. ಸೈರನ್ ಆತು, ಇನ್ನೂ ಟೈಮೈತೆ ಅಂತ ಚಾ ಕುಡ್ಕಂತ ಸ್ಟೇಷನ್ನಿಗೆ ಬಂದಾನೆ. ಗಾಡಿ ಹೋಗೇತಿ! ತಡಾಗಿ ಮನಿಗೆ ಬಂದ. ನಾನೇ ಬಾಗ್ಲಾಗ ಕುಂತಿದ್ದೆ. 'ಎರಡು ತಾಸು ಎಲ್ಲಿದ್ದಿ?' ಅಂದೆ."

"ಏನಂದ?"

"ಮರುದಿನ ಬೆಳಿಗ್ಗಿ ನನ್ನ ಬುತ್ತಿ ಗಂಟು ಬಾಗ್ಲತಾವ ತಾನೇ ತಂದಿಟ್ಟ. ಮಿಲ್ಲಿನಾಗ ಮಾತ್ರ ತಿರುಗಿ ತಗಳ್ಳಿಲ್ಲ. ತಗಳ್ಳದಿದ್ರೆ ಬ್ಯಾಡ. ಇಲ್ಲಿ ಗಾಡಿ ಟೈಮಿಗೆ ನನ್ನ ಯಾಪಾರ. ಯಾವ ಸೈರನ್ನೂ ಇಲ್ಲ."

ಇಂಜಿನ್ ಕೂಗಿತು. ಆಕೆ ಬುಟ್ಟಿ ಎತ್ತಿಕೊಳ್ಳಲು ಬಾಗಿದವಳು ಹಾಗೇ ನೆಟ್ಟಗೆ ನಿಂತಳು. ಎಡಗೈಯನ್ನು ಕಿಟಕಿಯ ಕಂಬಿಗಳ ನಡುವೆ ಒಳಗೆ ತೂರಿಸಿ, ಡಯಲ್ ನನ್ನ ಮುಖಕ್ಕೆ ಹಿಡಿದಳು.

"ಓದ್ರಿ ಅಕ್ಕೋರೆ. ಜೋರಾಗಿ ಓದ್ರಿ."

ಬೋರ್ಡಿನ ಮುಂದೆ ನಾನು ಅವರಿಗೆ ಹೇಳುತ್ತಿದ್ದದ್ದು ಅದೇ ಮಾತು.

"ಹತ್ತು ಗಂಟೆ," ಅಂದೆ. "ಹತ್ತು ಗಂಟೆ ಏಳು ನಿಮಿಷ."

"ಸರಿ ಐತೇನ್ರಿ ಸಾಹೇಬ್ರೆ?"

ಯಜಮಾನರು ಪೇಪರ್ ಇಳಿಸಿದರು. ಹೊರಡುವ ಗಡಿಬಿಡಿಯಲ್ಲಿ ಅವತ್ತು ಬೆಳಿಗ್ಗೆ ಸೈರನ್ನಿಗೆ ಕೂಡಿಸಿರದ ತಮ್ಮ ವಾಚು ನೋಡಿಕೊಂಡರು. ಪ್ಲಾಟ್‌ಫಾರ್ಮಿನ ದೊಡ್ಡ ಗಡಿಯಾರ ನೋಡಿದರು. "ಹ್ಞೂಂ, ಸರಿ ಇದೆ," ಎಂದು ಕೀಲಿ ಎಳೆದು ತಮ್ಮ ವಾಚನ್ನು ತಿರುಗಿಸಿಕೊಂಡರು.

ಆಕೆ ಕೈ ಹಿಂದಕ್ಕೆ ತಗೊಂಡಳು. ಒಂದು ಪೊಟ್ಟಣ ಮಂಡಕ್ಕಿಯನ್ನು ನನ್ನ ಮಡಿಲಿಗೆ ಹಾಕಿ, ಗಾಡಿಯ ಜೊತೆ ಒಂದಿಷ್ಟು ದೂರ ನಡೆದು ನಿಂತಳು. ತುಂಗಭದ್ರೆಯ ಸೇತುವೆ ಬಂತು, ಹೋಯಿತು.

"ಯಾರದು?" ಎಂದು ಕೇಳಿದರು ಯಜಮಾನರು. ಅವರಿಗೆ ನಿಜವಾಗಿಯೂ ಗುರುತು ಸಿಕ್ಕಿರಲಿಲ್ಲ.

"ಐದು ನಲವತ್ತೆರಡಕ್ಕೆ ಸೈರನ್ ಆಗುತ್ತಿತ್ತಲ್ಲ," ಅಂದೆ. "ಅದಕ್ಕೆ ಗಾಡಿ ತಪ್ಪಿಸಿಕೊಳ್ಳುತ್ತಿದ್ದವಳು."

ಆ ಹೊತ್ತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೇಳಬೇಕಾದವರು ಹಿಂದಿನ ಸ್ಟೇಷನ್ನಿನಲ್ಲಿ ಉಳಿದಿದ್ದರು.

ಅವರು ಪೇಪರನ್ನು ಮತ್ತೆ ಮುಖದ ಮೇಲಕ್ಕೆ ಎತ್ತಿಕೊಂಡರು. ರಾಣೆಬೆನ್ನೂರು ಬರುವವರೆಗೂ ಪುಟ ತಿರುಗಲಿಲ್ಲ.